ಪಕ್ಕದಂಗಡಿಯ ಗಾಳಿ

ಹೂವಣ್ಣನ ಸಂಕಟವೆಲ್ಲ ಶುರುವಾದದ್ದು ಗೋಡೆಯಲ್ಲಿದ್ದ ಒಂದು ಕಿಂಡಿಯಿಂದ. ಗೋಡೆಯ ಈಚೆ ಅವನ ಹೂವಿನ ಅಂಗಡಿ, ಆಚೆ ಅವನ ಭಾಮೈದನ ಹಣ್ಣಿನ ಅಂಗಡಿ. ಇದ್ದ ಗೋಡೆ ಒಡೆಸಿ ಕಿಂಡಿ ಇಡಿಸಿದವಳು ಅವನ ಹೆಂಡತಿ. ಮನೆಯಿಂದ ಒಂದೇ ಫ್ಲಾಸ್ಕಿನಲ್ಲಿ ಕಾಫಿ ತಂದು, ಗಂಡನಿಗೊಂದು ಲೋಟ ಕೊಟ್ಟು, ಕಿಂಡಿಯಿಂದ ತಮ್ಮನಿಗೊಂದು ಲೋಟ ದಾಟಿಸಿದರೆ ಓಡಾಟ ತಪ್ಪುತ್ತದೆ ಎಂಬುದು ಅವಳ ಲೆಕ್ಕಾಚಾರ. ತಮ್ಮನ ಲೋಟ ಯಾವಾಗಲೂ ತುಸು ದೊಡ್ಡದೇ ಇರುತ್ತಿತ್ತು. ಹೂವಣ್ಣ ಅದನ್ನು ನೋಡಿದ್ದ, ಆದರೆ ಬಾಯಿ ಬಿಟ್ಟು ಹೇಳಿರಲಿಲ್ಲ. ಸಂಸಾರ ಅಂದಮೇಲೆ ನೋಡಿಯೂ ನೋಡದವರ ಹಾಗೆ ಇರುವುದನ್ನು ಕಲಿಯಲೇಬೇಕಲ್ಲ.

ಭಾಮೈದ ಪಕ್ಕದಲ್ಲಿ ಅಂಗಡಿ ಇಟ್ಟಂದಿನಿಂದ ಹೂವಣ್ಣನ ಹೂಗಳಿಗೆ ಏನೋ ಬಡಿದಿತ್ತು. ಸಂಜೆ ತಂದಾಗ ನೆಟ್ಟಗೆ ನಿಂತಿದ್ದ ಕಾರ್ನೇಷನ್ನುಗಳು ಬೆಳಗಾಗುವಷ್ಟರಲ್ಲಿ ಜ್ವರ ಬಂದವರ ಹಾಗೆ ತಲೆ ಬಗ್ಗಿಸುತ್ತಿದ್ದವು. ನೀರು ಸರಿಯಿಲ್ಲ ಎಂದ ಎದುರಂಗಡಿಯ ದರ್ಜಿ. ಯಾರದೋ ಕಣ್ಣು ಬಿದ್ದಿದೆ ಎಂದ ದರ್ಜಿಯ ಪಕ್ಕದ ಗಡಿಯಾರ ರಿಪೇರಿಯವನು. ಅವನ ಒಂದು ಕಣ್ಣಿನಲ್ಲಿ ಸದಾ ಒಂದು ಭೂತಗನ್ನಡಿ ಸಿಕ್ಕಿಕೊಂಡಿರುತ್ತಿದ್ದುದರಿಂದ ಕಣ್ಣಿನ ವಿಷಯದಲ್ಲಿ ಅವನ ಮಾತಿಗೆ ಬೀದಿಯಲ್ಲಿ ಬೆಲೆಯಿತ್ತು. ಹೂವಣ್ಣ ನೀರಿಗೆ ಸಕ್ಕರೆ ಹಾಕಿ ನೋಡಿದ, ಮಂಜುಗಡ್ಡೆ ಹಾಕಿ ನೋಡಿದ. ದರ್ಜಿಯ ಮಾತು ಕೇಳಿ ಮನೆಯಲ್ಲಿದ್ದ ತಲೆನೋವಿನ ಮಾತ್ರೆಯನ್ನೆಲ್ಲ ಪುಡಿ ಮಾಡಿ ಹಾಕಿದ. ಹೂವಿಗೇನೂ ಗುಣವಾಗಲಿಲ್ಲ, ಅವನಿಗೆ ತಲೆನೋವು ಬಂದಾಗ ಮನೆಯಲ್ಲಿ ಮಾತ್ರೆ ಇರಲಿಲ್ಲ.

ಕೊನೆಗೆ ಹೆಂಡತಿ ತೀರ್ಪು ಕೊಟ್ಟಿದ್ದಳು. "ಬಾಡಿದ ಹೂ ಎಷ್ಟು ದಿನ ಅಂತ ಗುಡಿಸ್ತಾ ಇರ್ತೀರಾ? ಅಂಗಡಿ ಮುಚ್ಚಿ, ನನ್ನ ತಮ್ಮನ ಹತ್ರ ತಕ್ಕಡಿ ಹಿಡ್ಕೊಂಡು ಕೂತ್ಕೊಳ್ಳಿ. ಅವನಿಗೂ ಒಬ್ರು ನಂಬಿಕಸ್ತರು ಬೇಕಂತೆ."

ಮೀಸೆ ಮೂಡುವ ಮೊದಲಿನಿಂದ ಹೂವು ಹಿಡಿದ ಕೈ ಅದು. ಆ ಕೈಯಿಂದ ಪಪ್ಪಾಯಿ ತೂಗುವುದೇ? ಅದೂ, ತನ್ನ ಮದುವೆಯ ದಿನ ಸೊಂಟಕ್ಕೆ ಚಡ್ಡಿ ನಿಲ್ಲದೆ ಓಡಾಡುತ್ತಿದ್ದ ಭಾಮೈದನ ಕೈಕೆಳಗೆ? 

ಅಂಥ ಹೊತ್ತಿನಲ್ಲಿ ಅದೃಷ್ಟ ಬಾಗಿಲು ತಟ್ಟಿತ್ತು. ಊರಾಚೆಯ ದೊಡ್ಡ ಸಮಾರಂಭ ಭವನದ ಯಜಮಾನಿ ಅವನನ್ನು ಕರೆಸಿ ಹೇಳಿದ್ದಳು: "ಈ ಮದುವೆಗೆ ವೇದಿಕೆ ನೀವು ಅಲಂಕಾರ ಮಾಡಿ ತೋರ್ಸಿ. ಹಿಡಿಸಿದ್ರೆ ವರ್ಷಪೂರ್ತಿ ನಮ್ಮಲ್ಲಿ ನಡೆಯೋ ಎಲ್ಲಾ ಸಮಾರಂಭಾನೂ ನಿಮಗೇ. ಹಿಡಿಸಲಿಲ್ಲಾಂದ್ರೆ ಇನ್ನೊಂದ್ಸಲ ಈ ಗೇಟು ದಾಟ್ಬೇಡಿ."

ಆ ಮದುವೆ ಈವತ್ತು ಸಂಜೆ. ಹಿಂದಿನ ಸಂಜೆಯೇ ತಂದ ಕಾರ್ನೇಷನ್, ಗುಲಾಬಿ, ಆರ್ಕಿಡ್ಡುಗಳು ಅಂಗಡಿ ತುಂಬ ಬಕೆಟ್ಟುಗಳಲ್ಲಿ ನಿಂತಿದ್ದವು. ಬೆಳಗ್ಗೆ ಹೂವಣ್ಣ ಷಟರ್ ಎತ್ತಿದ, ಒಳಗೆ ಕಣ್ಣು ಹಾಯಿಸಿದ, "ಅಯ್ಯಯ್ಯೋ, ಕೆಟ್ಟೆನಲ್ಲಪ್ಪಾ!" ಎಂದು ಕೂಗಿಕೊಂಡ. ಕಿಂಡಿಯ ಕೆಳಗಿನ ಬಕೆಟ್ಟಿನ ಕಾರ್ನೇಷನ್ನುಗಳೆಲ್ಲ ದಳ ಮುದುಡಿ ನಿದ್ದೆಹೋಗಿದ್ದವು.

ಕೂಗು ಕೇಳಿದ್ದೇ ತಡ, ಕೊರಳಿಗೆ ಟೇಪು ಹಾಕಿಕೊಂಡ ದರ್ಜಿ ಬಂದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದವನು ಬಂದ. ಫ್ಲಾಸ್ಕು ಹಿಡಿದು ಹೆಂಡತಿ ಬಂದಳು. ಮಹಡಿಯ ಮೇಲೆ ಬಾಡಿಗೆಗಿದ್ದ ಮೇಷ್ಟ್ರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತರಾದವರು, ಪಪ್ಪಾಯಿ ಕೊಳ್ಳಲೆಂದು ಇಳಿದವರು ಗುಂಪು ಕಂಡು ಈಚೆಗೆ ತಿರುಗಿದರು. ಕೇಳುವವರಿಲ್ಲದೆ ಅವರು ಬಹಳ ದಿನದಿಂದ ಸೊರಗಿದ್ದರು.

ಮೇಷ್ಟ್ರು ಒಂದು ಕಾರ್ನೇಷನ್ ಎತ್ತಿ ಮೂಸಿದರು, ಕಿಂಡಿ ನೋಡಿದರು. ಕಿಂಡಿಯ ಕಟ್ಟೆಯ ಮೇಲೆ ಭಾಮೈದ ಸಾಲಾಗಿ ಜೋಡಿಸಿದ್ದ ಮಾಗಿದ ಪಪ್ಪಾಯಿಗಳು ಹಳದಿಯಾಗಿ ಹೊಳೆಯುತ್ತಿದ್ದವು.

"ಇದು ನೀರೂ ಅಲ್ಲ, ದೃಷ್ಟಿನೂ ಅಲ್ಲ. ಇದು ಎಥಿಲೀನು."

"ಯಾರವಳು?" ಎಂದು ಹೆಂಡತಿ ಗಂಡನ ಮುಖವನ್ನೇ ದುರುಗುಟ್ಟಿ ನೋಡಿದಳು.

"ಯಾರೂ ಅಲ್ಲಮ್ಮ, ಅದೊಂದು ಗಾಳಿ. ಗಿಡಕ್ಕೂ ನಮ್ಮ ಹಾಗೇ ಹಾರ್ಮೋನು ಇರ್ತವೆ. ಕಾಯಿ ಕಟ್ಟಿದಾಗ ಒಳಗಿನ ಬೀಜದಿಂದ ಆಕ್ಸಿನ್ ಅಂತ ಒಂದು ಬರುತ್ತೆ. ಅದು ತಾಯಿ ಇದ್ದ ಹಾಗೆ. ನೀನಿನ್ನೂ ಚಿಕ್ಕೋನು ಮಗು, ಕೊಂಬೆ ಬಿಡ್ಬೇಡ ಅಂತ ಹಿಡ್ಕೊಂಡಿರುತ್ತೆ. ಜಿಬ್ಬರೆಲಿನ್ ಅಂತ ಇನ್ನೊಂದು. ಅದು ಅಜ್ಜಿ. ತಿನ್ಸಿ ತಿನ್ಸಿ ಕಾಯಿನ ದುಂಡಗೆ ಮಾಡುತ್ತೆ. ಕೊನೇಲಿ ಬರೋದು ಈ ಎಥಿಲೀನು. ಇದು ಸೋದರಮಾವ. ಬಂದ ತಕ್ಷಣ ಮನೆಮಂದೀನೆಲ್ಲ ಮೆತ್ತಗೆ ಮಾಡಿಬಿಡುತ್ತೆ."

"ಸೋದರಮಾವನ ಸುದ್ದಿ ಈಗ್ಯಾಕೆ ಮೇಷ್ಟ್ರೇ?" ಎಂದಳು ಹೆಂಡತಿ ಖಾರವಾಗಿ.

"ಉದಾಹರಣೆಗೆ ಹೇಳ್ದೆನಮ್ಮ. ಹಸಿರು ಕಾಯಿ ಹಳದಿ ಆಗೋದು, ಹುಳಿ ಹೋಗಿ ಸಿಹಿ ಆಗೋದು, ಘಮ್ಮನ್ನೋದು ಎಲ್ಲಾ ಅದರದೇ ಕೈವಾಡ. ಒಂದು ಹಣ್ಣು ಮಾಗಿದ್ರೆ ಅದು ಬಿಡೋ ಗಾಳಿಗೆ ಪಕ್ಕದ್ದೂ ಮಾಗುತ್ತೆ."

"ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತಾರಲ್ಲ, ಹಾಗೆ," ಎಂದ ದರ್ಜಿ.

"ಸರಿಯಾಗಿ ಹೇಳ್ದೆ. ಹಣ್ಣಿಗೆ ಅದರಿಂದ ಒಳ್ಳೇದೇ. ಹೂವಿಗೆ ಮಾತ್ರ ಕೇಡು. ಪರಾಗ ಸೇರಿ ಹೂವಿನ ಕೆಲಸ ಮುಗಿದಾಗ ಇದೇ ಗಾಳಿ ಅದರೊಳಗೇ ಹುಟ್ಟಿ ದಳ ಬಾಡುತ್ತೆ. ಈಗ ಈ ಕಿಂಡಿಯಿಂದ ಅದೇ ಗಾಳಿ ಬೀಸಿದ್ರೆ ಪಾಪ, ಹೂವು ಏನಂದ್ಕೊಳ್ಳುತ್ತೆ? ಓಹೋ, ನನ್ನ ಮದುವೆ ಮುಗೀತು, ಇನ್ಯಾಕೆ ಸಿಂಗಾರ ಅಂತ ದಳ ಮುದುಡಿ ಮಲಗಿಬಿಡುತ್ತೆ."

ಹೂವಣ್ಣನಿಗೆ ಜ್ಞಾನೋದಯವಾಯಿತು. ಓಡಿಹೋಗಿ ಒಂದು ರಟ್ಟು ತಂದು ಕಿಂಡಿಗೆ ಒತ್ತಿದ. ಕೈ ತೆಗೆಯುವಷ್ಟರಲ್ಲಿ ಆಚೆಯಿಂದ ಯಾರೋ ನೂಕಿದ ರಭಸಕ್ಕೆ ರಟ್ಟು ಬಿದ್ದು ಭಾಮೈದನ ಮುಖ ಕಾಣಿಸಿತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

"ಭಾವ, ಕಾಫಿ ಬಂತಾ?"

"ಕಾಫಿ ಮನೆ ಹಾಳಾಗ! ನಿನ್ನ ಹಣ್ಣನ್ನೆಲ್ಲ ಮೊದಲು ಎಲ್ಲಾದ್ರೂ ಸಾಗಿಸು. ಸಂಜೆ ತನಕ ಮಾತ್ರ. ಕೈ ಮುಗೀತೀನಿ."

"ಎಲ್ಲಿಗೆ ಸಾಗಿಸ್ಲಿ? ತಲೆ ಮೇಲೆ ಹೊತ್ಕೊಂಡು ನಿಂತ್ಕೊಳ್ಲಾ?"

"ನನ್ನ ತಮ್ಮ ಯಾಕ್ರೀ ಸಾಗಿಸ್ಬೇಕು?" ಎಂದು ಹೆಂಡತಿ ನಡುವೆ ಬಂದಳು. "ಹೂ ಬಾಡಿದ್ರೆ ಹಣ್ಣಿನ ತಪ್ಪಾ? ನಾಳೆ ನಿಮಗೆ ತಲೆ ನರೆತ್ರೆ ಅದಕ್ಕೂ ಅವನ ಬಾಳೆಹಣ್ಣೇ ಕಾರಣ ಅಂತೀರಿ."

ನೇರ ದಾರಿಯಲ್ಲಿ ಕೆಲಸವಾಗುವುದಿಲ್ಲ ಎಂದು ಹೂವಣ್ಣನಿಗೆ ಗೊತ್ತಾಯಿತು. ಹೂವು ಮಾರುವವನಿಗೆ ಸುಳ್ಳು ಹೊಸದಲ್ಲ. ನಿನ್ನೆಯ ಗುಲಾಬಿಯನ್ನು ಈಗ ತಾನೇ ಕಿತ್ತದ್ದು ಎಂದು ಅವನು ದಿನಾ ಹೇಳುತ್ತಿದ್ದ. ಹಾಗಾಗಿ ಮುಂದಿನ ಮಾತು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು.

"ಅಲ್ಲ ಕಣಯ್ಯ, ಪೂರ್ತಿ ಕೇಳು. ಮದುವೆಗೆ ಹಣ್ಣು ಬೇಕಂತೆ. ಭವನದ ಅಡುಗೆಯವರೇ ಹೇಳಿದ್ರು. ಮಾಗಿದ್ದು ಎಷ್ಟಿದ್ರೂ ತಗೋತಾರೆ. ನಿನ್ನನ್ನ ಬಿಟ್ಟು ಬೇರೆಯವರಿಗೆ ಹೇಳೋದಾ ಅಂತ ನಾನೇ ಒಪ್ಕೊಂಡು ಬಂದೆ."

ಭಾಮೈದನ ಮುಖ ಪಪ್ಪಾಯಿಗಿಂತ ಹೆಚ್ಚು ಹೊಳೆಯಿತು. "ಇದನ್ನ ಮೊದಲೇ ಹೇಳೋದಲ್ವಾ ಭಾವ! ಈಗಲೇ ಲಗೇಜ್ ಆಟೋದವನಿಗೆ ಫೋನ್ ಮಾಡ್ತೀನಿ."

"ನೋಡಿದ್ಯಾ, ನನ್ನ ಗಂಡ ಬಾಯಲ್ಲಿ ಬೈದ್ರೂ ಹೊಟ್ಟೇಲಿ ಎಷ್ಟು ಪ್ರೀತಿ ಇಟ್ಕೊಂಡಿದಾರೆ," ಎಂದು ಹೆಂಡತಿ ಗಂಡನಿಗೆ ಆ ದಿನ ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟಳು. ಹೂವಣ್ಣನಿಗೆ ಆ ಕಾಫಿ ಕುಡಿಯುವಾಗ ಒಂದಿಷ್ಟು ನಾಚಿಕೆಯಾಯಿತು. ಆದರೂ ಕುಡಿದ.

ಹಣ್ಣು ಹೋಗಲಿ, ಭಾಮೈದ ಅಡುಗೆಯವರ ಹತ್ತಿರ ಜಗಳ ಕಾಯುತ್ತಿರಲಿ. ಅಷ್ಟು ಹೊತ್ತಿಗೆ ನನ್ನ ವೇದಿಕೆ ಮುಗಿದಿರುತ್ತದೆ. ಆಮೇಲೆ ಬೈಸಿಕೊಂಡರಾಯಿತು. ಹೀಗೆಂದು ಸಮಾಧಾನ ಮಾಡಿಕೊಂಡು ಅವನು, ಬಾಡಿದ ಬಕೆಟ್ಟಿಗೇನಾದರೂ ಮದ್ದಿದೆಯೇ ಎಂದು ಕೇಳಲು ಮೇಷ್ಟ್ರ ಹಿಂದೆ ಮಹಡಿ ಹತ್ತಿದ. ಅಲ್ಲಿ ಅವನು ಮಾಡಿದ ತಪ್ಪೆಂದರೆ ಕುರ್ಚಿಯಲ್ಲಿ ಕೂತದ್ದು. ಕೂತ ಶಿಷ್ಯನನ್ನು ಮೇಷ್ಟ್ರು ಅಷ್ಟು ಸುಲಭವಾಗಿ ಏಳಗೊಡುವವರಲ್ಲ. ಟೊಮೆಟೊ ಹೇಗೆ ಕೆಂಪಾಗುತ್ತದೆ ಎಂದು ಹೇಳಿದರು. ಕಿತ್ತಮೇಲೂ ಮಾಗುವ ಹಣ್ಣು ಯಾವುದು, ದ್ರಾಕ್ಷಿ ಮತ್ತು ಕಿತ್ತಳೆ ಯಾಕೆ ಹಾಗೆ ಮಾಗುವುದಿಲ್ಲ ಎಂದು ಹೇಳಿದರು. ಎಲೆ ಉದುರುವ ಕತೆಯನ್ನೂ ಹೇಳಿದರು. ಹೂವಣ್ಣ ಮೂರು ಸಲ ಎದ್ದ, ಮೂರು ಸಲವೂ "ಕೂತ್ಕೋ, ಮುಖ್ಯವಾದದ್ದು ಈಗ ಬರುತ್ತೆ" ಎಂದರು.

ಮುಖ್ಯವಾದದ್ದು ಬಂದದ್ದು ಅವನು ಬಾಗಿಲು ದಾಟಿ ಮೆಟ್ಟಿಲ ಮೇಲೆ ಕಾಲಿಟ್ಟಾಗ. "ಬಾಡಿದ್ದಕ್ಕೆ ಮದ್ದಿಲ್ಲ ಕಣಪ್ಪ. ಉಳಿದಿದ್ದಕ್ಕೆ ಗಾಳಿ ಆಡೋ ಹಾಗೆ ನೋಡ್ಕೋ. ಸೆಕೇಲಿ ಮುಚ್ಚಿಟ್ರೆ ಕೆಟ್ಟೆ!"

ಕೆಳಗೆ ಬಂದರೆ ಅಂಗಡಿ ಖಾಲಿ! ಬಕೆಟ್ಟುಗಳಿಲ್ಲ. ಹೊರಗೆ ಅವನ ವ್ಯಾನಿನ ಮುಂದೆ ದರ್ಜಿ ಮತ್ತು ಗಡಿಯಾರದವನು ಕೈ ಕೊಡವಿಕೊಳ್ಳುತ್ತ ನಿಂತಿದ್ದರು. ಇಬ್ಬರ ಮುಖದಲ್ಲೂ ಪರೋಪಕಾರದ ಬೆವರು.

"ಎಲ್ಲಾ ತುಂಬ್ಸಿ ಆಯ್ತು ಹೂವಣ್ಣ!" ಎಂದ ದರ್ಜಿ. "ನೀನು ಬರೋದು ತಡ ಆಯ್ತು, ಮದುವೆ ಮನೆ ಕೆಲಸ ಕಾಯುತ್ತಾ ಅಂತ ನಾವೇ ಕೈ ಹಾಕಿದ್ವಿ. ಒಂದು ಹನಿ ನೀರು ಚೆಲ್ಲಿಲ್ಲ ನೋಡು."

"ದೂಳು ಹೋಗಬಾರದು ಅಂತ ಸಂದಿಗೊಂದಿಗೆಲ್ಲ ಬಟ್ಟೆ ತುರುಕಿದೀನಿ," ಎಂದ ಗಡಿಯಾರದವನು. "ಗಡಿಯಾರದ ಡಬ್ಬಿ ಮುಚ್ಚೋ ಹಾಗೆ ಮುಚ್ಚಿದೀನಿ. ಇರುವೆ ಸಹ ನುಗ್ಗೋದಿಲ್ಲ."

ಹೂವಣ್ಣನ ಕಣ್ಣು ತುಂಬಿ ಬಂತು. ಈ ಜನರ ಬಗ್ಗೆ ತಾನು ಎಷ್ಟು ಸಲ ಮನಸ್ಸಿನಲ್ಲಿ ಬೈದುಕೊಂಡಿದ್ದೆ ಎಂದು ಪಶ್ಚಾತ್ತಾಪವಾಯಿತು. ಹಣ್ಣಿನ ಅಂಗಡಿಯತ್ತ ನೋಡಿದ. ಅದೂ ಬಳಿದಿಟ್ಟ ಹಾಗೆ ಖಾಲಿ. ಬಿತ್ತಲ್ಲ ಹಣ್ಣು ಬಲೆಗೆ ಎಂದು ಒಳಗೊಳಗೇ ಹಿಗ್ಗಿದ. ಹೇಗೂ ದಾರಿ ದೂರವಿಲ್ಲ, ಅಲ್ಲಿಗೆ ಹೋಗಿ ಬಾಗಿಲು ತೆಗೆದರಾಯಿತು ಎಂದುಕೊಂಡು ವ್ಯಾನು ಹತ್ತಿದರೆ ಪಕ್ಕದ ಸೀಟಿನಲ್ಲಿ ಭಾಮೈದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ.

"ನೀನ್ಯಾಕಪ್ಪ ಇಲ್ಲಿ? ನಿನ್ನ ಹಣ್ಣು?"

"ಅದೆಲ್ಲಾ ವ್ಯವಸ್ಥೆ ಆಗಿದೆ, ನೀವು ಹೊರಡಿ ಭಾವ."

ಲಗೇಜ್ ಆಟೋ ಮುಂದೆ ಹೋಗಿರಬೇಕು ಎಂದು ಹೂವಣ್ಣ ಗಾಡಿ ಬಿಟ್ಟ.

ಊರಾಚೆ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ರೈಲೊಂದು ಬಂದು ದಾರಿಗೆ ಅಡ್ಡವಾಗಿ ನಿಂತದ್ದು, ಹೊರಡುವ ಯೋಚನೆಯನ್ನೇ ಬಿಟ್ಟಂತಿತ್ತು. ಮುಂದೆ ಬಸ್ಸು, ಹಿಂದೆ ಲಾರಿ, ನಡುವೆ ಹೂವಣ್ಣನ ವ್ಯಾನು, ತಲೆಯ ಮೇಲೆ ಕೆಂಡದಂಥ ಬಿಸಿಲು. ಜನ ಗಾಡಿಯಿಂದಿಳಿದು ಮರದ ನೆರಳು ಸೇರಿದರು. ಕೆಲವರು ನಿದ್ದೆಯನ್ನೂ ಮಾಡಿ ಎದ್ದರು. ರೈಲು ಅಲುಗಲಿಲ್ಲ.

ಹೂವಣ್ಣನ ಮೂಗು ಅರಳಿದ್ದು ಆಗ.

"ಏನಯ್ಯ, ಸ್ನಾನ ಮಾಡಿದ್ಯೋ ಇಲ್ವೋ? ಮೈಯೆಲ್ಲಾ ಮಾವಿನಹಣ್ಣಿನ ವಾಸನೆ ಹೊಡೀತಿದೆ."

"ನನ್ನ ಮೈ ಅಲ್ಲ ಭಾವ, ಹಣ್ಣೇ. ಆಟೋದವನು ಬರೋದು ತಡ ಅಂದ. ದರ್ಜಿ ಮಾಮ ಹೇಳಿದ್ರು, ಹೋಗೋದು ಒಂದೇ ಜಾಗಕ್ಕೆ, ಎರಡು ಗಾಡಿ ಯಾಕೆ, ವ್ಯಾನಿಗೇನೂ ಕಿಂಡಿ ಇಲ್ವಲ್ಲ ಅಂತ. ಎಲ್ಲಾ ಇದರಲ್ಲೇ ಹಾಕಿದೀವಿ."

ಹೂವಣ್ಣ ಬಾಗಿಲು ತೆಗೆದು ಹಾರಿದ. ಹಿಂದಿನ ಬಾಗಿಲಿನ ಸಂದಿಯಿಂದ ಬಟ್ಟೆ ಕಿತ್ತೆಸೆದು ತೆಗೆದರೆ, ಒಳಗಿನಿಂದ ಘಮ್ಮೆಂದು ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಬಕೆಟ್ಟುಗಳು ಅಲ್ಲಾಡದಿರಲೆಂದು ಸುತ್ತಲೂ ಬಾಳೆಗೊನೆ ಒತ್ತರಿಸಿದ್ದರು. ಬಾಳೆಗೊನೆ ಅಲ್ಲಾಡದಿರಲೆಂದು ಪಪ್ಪಾಯಿ ಸಿಕ್ಕಿಸಿದ್ದರು. ಆರ್ಕಿಡ್ಡಿನ ಕಡ್ಡಿಗಳ ನಡುವೆ ಒಂದೊಂದು ಸೇಬು, ಗುಲಾಬಿಯ ಸುತ್ತ ಮಾವು, ಉಳಿದ ಸಂದಿಯಲ್ಲೆಲ್ಲ ಕಿತ್ತಳೆ, ದ್ರಾಕ್ಷಿ. ಗಡಿಯಾರದವನ ಕೈಚಳಕ ಎದ್ದು ಕಾಣುತ್ತಿತ್ತು. ಗಡಿಯಾರದ ಚಕ್ರದ ಹಾಗೆ ಒಂದು ಹಲ್ಲೂ ಸಡಿಲವಿರಲಿಲ್ಲ. ಕಾರ್ನೇಷನ್ನುಗಳೆಲ್ಲ ತಮ್ಮ ಮದುವೆ ಮುಗಿಯಿತೆಂದು ನಂಬಿ ಸುಖವಾಗಿ ಮಲಗಿದ್ದವು.

"ಇಳ್ಸು! ಎಲ್ಲಾ ಇಳ್ಸು! ರಸ್ತೇಲೇ ಸುರಿ!" ಎಂದು ಹೂವಣ್ಣ ಅರಚಿದ.

"ಮದುವೆ ಹಣ್ಣನ್ನ ರಸ್ತೇಲಿ ಸುರೀತಾರಾ ಭಾವ? ಬಿಸಿಲು ನಿಮ್ಮ ತಲೆಗೆ ಹತ್ತಿದೆ, ನೀರು ಕುಡೀರಿ."

ಅಷ್ಟರಲ್ಲಿ ರೈಲು ಕದಲಿತು. ಗೇಟು ತೆರೆಯಿತು. ಹಿಂದಿನ ಲಾರಿಯವನು ಹಾರ್ನನ್ನು ಒತ್ತಿ ಹಿಡಿದು ಹೂವಣ್ಣನ ವಂಶವನ್ನೆಲ್ಲ ನೆನೆಯತೊಡಗಿದ. ಬೇರೆ ದಾರಿಯಿಲ್ಲದೆ ಹೂವಣ್ಣ ಬಾಗಿಲು ಹಾಕಿ ಹೊರಟ.

ಭವನದಲ್ಲಿ ವೇದಿಕೆಯ ಮೇಲೆ ತಂತಿಯ ಕಮಾನು ಎದ್ದು ನಿಂತಿತ್ತು, ಬೋಳಾಗಿ. ಹೂವಣ್ಣ ಒಂದೊಂದೇ ಬಕೆಟ್ಟು ಇಳಿಸಿ ನೋಡಿದ. ಗುಲಾಬಿ ಮುಟ್ಟಿದರೆ ದಳ ಕೈಗೆ ಬಂತು. ಆರ್ಕಿಡ್ಡು ಒದ್ದೆ ಕಾಗದದ ಹಾಗೆ ಜೋತಿತ್ತು. ಒಂದು ಹಿಡಿ ಕಾರ್ನೇಷನ್ ಕಮಾನಿಗೆ ಕಟ್ಟಿ ದೂರ ನಿಂತು ನೋಡಿದ. ಮದುವೆಗಿಂತ ಅದು ಬೇರೆಯೇ ಮೆರವಣಿಗೆಗೆ ಸರಿಹೊಂದುವಂತಿತ್ತು. ಹೂವಣ್ಣ ಕಮಾನಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತ. ತಕ್ಕಡಿ ಕಣ್ಣೆದುರು ಬಂತು. ಭಾಮೈದ ಗಲ್ಲಾದ ಮೇಲಿಂದ, "ಭಾವ, ಇವರಿಗೊಂದು ಕಿಲೋ ಹಾಕಿ" ಎನ್ನುವುದು ಕೇಳಿಸಿದಂತಾಯಿತು. ಅವನಿಗೆ ನಿಜವಾಗಿಯೂ ಅಳು ಬಂತು, ಅತ್ತ.

ಕಣ್ಣೊರೆಸುತ್ತಿದ್ದಂತೆ ಅಡುಗೆಮನೆಯ ಕಡೆಯಿಂದ ಭಾಮೈದ ದುಮುದುಮು ಎನ್ನುತ್ತ ಬಂದ.

"ಭಾವ, ಅಡುಗೆಯವ್ರು ಹಣ್ಣು ಕೇಳೇ ಇಲ್ವಂತೆ! ನನ್ನನ್ನ ಸೌಟು ತಗೊಂಡು ಓಡಿಸ್ಕೊಂಡು ಬಂದ್ರು."

"ಕೇಳಿಲ್ಲ ಕಣಯ್ಯ. ನಾನೇ ಸುಳ್ಳು ಹೇಳ್ದೆ."

"ಅಕ್ಕಂಗೆ ಹೇಳ್ತೀನಿ," ಎಂದ ಭಾಮೈದ.

"ಹೇಳು. ಇನ್ನೇನು ಉಳಿದಿದೆ?"

ಹೊರಗೆ ಕಾರಿನ ಬಾಗಿಲುಗಳು ಹಾಕಿಕೊಳ್ಳುವ ಸದ್ದು. ನೆಂಟರು ಬರತೊಡಗಿದ್ದರು. ಬೋಳು ಕಮಾನು ಅವರನ್ನು ಸ್ವಾಗತಿಸಲು ನಿಂತಿತ್ತು. ಮುಳುಗುವವನು ಹುಲ್ಲುಕಡ್ಡಿಯನ್ನಾದರೂ ಹಿಡಿಯುತ್ತಾನೆ. ಹೂವಣ್ಣನ ಕೈಗೆ ಸಿಕ್ಕಿದ್ದು ಒಂದು ಸೇಬು. ಏನಾದರೊಂದು ಬಣ್ಣ ಕಂಡರೆ ಸಾಕು, ದೂರದವರಿಗೆ ಹೂವೋ ಹಣ್ಣೋ ಯಾರಿಗೆ ಗೊತ್ತಾಗುತ್ತದೆ ಎಂದು ಅದನ್ನು ತಂತಿಗೆ ಸಿಕ್ಕಿಸಿದ. ಪಕ್ಕದಲ್ಲಿ ಇನ್ನೊಂದು. ಆಮೇಲೆ ಕೈ ತಾನೇ ನಡೆಯಿತು. ಸೇಬಿನ ಸಾಲಿನ ಕೆಳಗೆ ದ್ರಾಕ್ಷಿ ಗೊಂಚಲು ಇಳಿಬಿಟ್ಟ. ಬಾಳೆಯ ಚಿಪ್ಪುಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ಎರಡು ಕಂಬಕ್ಕೂ ಕಟ್ಟಿದ. ಪಪ್ಪಾಯಿ ಸೀಳಿ ಕಪ್ಪು ಬೀಜ ಕಾಣುವ ಹಾಗೆ ಮೆಟ್ಟಿಲ ಮೇಲೆ ಇಟ್ಟ. ಕಿತ್ತಳೆಯಿಂದ ಕಮಾನಿನ ನೆತ್ತಿಗೊಂದು ಸೂರ್ಯ ಮಾಡಿದ. ಉದುರಿದ ಗುಲಾಬಿ ದಳಗಳನ್ನು ದಾರಿಯುದ್ದಕ್ಕೂ ಚೆಲ್ಲಿದ. ಭಾಮೈದ ಏಣಿ ಹಿಡಿದು ನಿಂತಿದ್ದ; ಏಣಿ ಹಿಡಿಯಲು ಒಂದು ಕೈ ಸಾಕಾಗಿದ್ದರಿಂದ ಇನ್ನೊಂದು ಕೈಯಿಂದ ಮಾವು ತಿನ್ನುತ್ತಿದ್ದ.

ಕೊನೆಯ ಸೇಬು ಸಿಕ್ಕಿಸಿ ಹೂವಣ್ಣ ಕೆಳಗಿಳಿದು ನೋಡಿದ. ಅವನ ಕಣ್ಣಿಗೆ ಕಂಡದ್ದು ಸಂತೆಯ ಹಣ್ಣಿನ ಗಾಡಿಯೊಂದು ತಲೆಕೆಳಗಾಗಿ ಮೇಲೆ ನೇತುಬಿದ್ದ ಹಾಗೆ. ಇದೇನು ಮಾಡಿಬಿಟ್ಟೆನಪ್ಪಾ ಎನ್ನುವಷ್ಟರಲ್ಲಿ ಭವನದ ಯಜಮಾನಿ ಒಳಗೆ ಬಂದಳು.

ಆಕೆಯದು ಒಂದೇ ಮುಖ. ಹೊಗಳುವಾಗಲೂ ಅದೇ, ಕೆಲಸದಿಂದ ತೆಗೆಯುವಾಗಲೂ ಅದೇ. ಆ ಮುಖ ಹೊತ್ತುಕೊಂಡು ಆಕೆ ವೇದಿಕೆಯ ಮುಂದೆ ನಿಂತಳು. ಮೇಲೆ ನೋಡಿದಳು. ಕೆಳಗೆ ನೋಡಿದಳು. ಕಿತ್ತಳೆಯ ಸೂರ್ಯನನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಹಿಂದೆ ಬಂದ ನೆಂಟರು ಕತ್ತು ಉದ್ದ ಮಾಡಿದರು.

"ಇದು ಯಾರ ಕೆಲಸ?" ಎಂದಳು.

ಹೂವಣ್ಣನ ನಾಲಿಗೆ ತಾನಾಗಿಯೇ ಹೊರಳಿತು. "ಇವನದಮ್ಮಾ, ಇವನದು! ನನ್ನ ಭಾಮೈದ. ಪೂರ್ತಿ ಇವನದೇ ತಲೆ. ಬೇಡ ಅಂತ ಬಡ್ಕೊಂಡೆ, ಕೇಳ್ಲಿಲ್ಲ. ನನಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ!"

ಯಜಮಾನಿ ಭಾಮೈದನ ಕಡೆಗೆ ತಿರುಗಿದಳು. ಭಾಮೈದ ಬಾಯಲ್ಲಿದ್ದ ಮಾವಿನ ಚೂರನ್ನು ಅಗಿಯದೆ ಹಾಗೇ ನುಂಗಿದ.

"ಈ ಭವನ ಕಟ್ಟಿಸಿದಾಗಿನಿಂದ ಹೂವು ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು," ಎಂದಳು ಆಕೆ, ಅದೇ ಮುಖದಲ್ಲಿ. "ಮೊದಲನೇ ಸಲ ಏನೋ ಹೊಸದು ನೋಡ್ತಿದೀನಿ. ಬಲು ಚೆನ್ನಾಗಿದೆ."

ಹಿಂದಿದ್ದವರು ಓಹೋ ಎಂದರು. ಮದುಮಗಳು ಓಡಿಬಂದು ದ್ರಾಕ್ಷಿ ಗೊಂಚಲಿನ ಕೆಳಗೆ ನಿಂತಳು, ಫೋಟೋದವರು ಮುತ್ತಿಕೊಂಡರು. ಮಕ್ಕಳೆಲ್ಲ ಬಾಳೆಹಣ್ಣಿನ ಕಂಬದ ಕಡೆಗೆ ನುಗ್ಗಿದವು. ಹೂವಣ್ಣನಿಗೆ ಒಂದು ಕ್ಷಣ ತಾನು ಬದುಕಿದ್ದೇನೋ ಇಲ್ಲವೋ ತಿಳಿಯಲಿಲ್ಲ. ತಿಳಿದ ಮೇಲೆ ಮುಂದೆ ನುಗ್ಗಿದ.

"ಅಮ್ಮಾ, ನಿಜ ಹೇಳ್ಬೇಕಂದ್ರೆ ಇದನ್ನ ಮಾಡಿದ್ದು ನಾನೇ. ಈ ಕೈಯಲ್ಲೇ..."

ಯಜಮಾನಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈಗ ತಾನೇ ಸಂಬಂಧ ಇಲ್ಲ ಅಂದ್ರಿ. ಇನ್ನೊಬ್ಬರ ಕೆಲಸಕ್ಕೆ ತಮ್ಮ ಹೆಸರು ಅಂಟಿಸ್ಕೊಳ್ಳೋರನ್ನ ಕಂಡ್ರೆ ನನಗಾಗೋದಿಲ್ಲ." ಆಮೇಲೆ ಭಾಮೈದನಿಗೆ, "ನೋಡಪ್ಪ, ವರ್ಷಪೂರ್ತಿ ಎಲ್ಲಾ ಸಮಾರಂಭಾನೂ ನಿನಗೇ. ನಾಳೆ ಬಂದು ಮಾತಾಡು," ಎಂದಳು.

"ಏನೋ ಮೇಡಂ, ಎಲ್ಲಾ ನಮ್ಮ ಭಾವನ ಆಶೀರ್ವಾದ," ಎಂದು ಭಾಮೈದ ಕೈ ಮುಗಿದು, ಬಾಯಿ ಒರೆಸಿಕೊಂಡ.

ವ್ಯಾನು ವಾಪಸ್ಸು ಬಂದಾಗ ಅಂಗಡಿಯ ಮುಂದೆ ಹೆಂಡತಿ, ದರ್ಜಿ, ಗಡಿಯಾರದವನು ಮೂವರೂ ಕಾಯುತ್ತಿದ್ದರು. ಭಾಮೈದ ದಾರಿಯಲ್ಲೇ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದ. ಹೆಂಡತಿ ತಮ್ಮನ ತಲೆ ಸವರಿ ಕಣ್ಣೀರು ಹಾಕಿದಳು. ಎಲ್ಲಾ ನಾವು ಗಾಡಿ ತುಂಬಿದ ಕೈಗುಣ ಎಂದ ದರ್ಜಿ.

ಭಾಮೈದ ಭಾವನ ಹೆಗಲ ಮೇಲೆ ಕೈ ಇಟ್ಟ. "ಮುಖ ಯಾಕೆ ಸಣ್ಣ ಮಾಡ್ಕೋತೀರಾ ಭಾವ? ನಿಮ್ಮ ಕಷ್ಟ ನನಗೆ ಗೊತ್ತಿಲ್ವಾ? ನಾಳೆಯಿಂದ ಹಣ್ಣಿನ ವ್ಯಾಪಾರ ನಿಲ್ಲಿಸ್ತಿದೀನಿ. ಇನ್ನು ನನಗೆ ಅಂಗಡೀಲಿ ಕೂರೋಕೆ ಪುರುಸೊತ್ತೆಲ್ಲಿ?"

ಹೂವಣ್ಣನಿಗೆ ಹೋದ ಜೀವ ಬಂದಂತಾಯಿತು. ಭವನ ಹೋದರೆ ಹೋಗಲಿ! ಪಕ್ಕದಲ್ಲಿ ಹಣ್ಣಿಲ್ಲದ ಮೇಲೆ ಹೂವು ಹೂವಾಗಿ ಇರುತ್ತದೆ. ಅಂಗಡಿ ಅಂಗಡಿಯಾಗಿ ಉಳಿಯುತ್ತದೆ. ತಾನು ತಾನಾಗಿಯೇ ಇರಬಹುದು. ಬೆಳಗಿನಿಂದ ಮೊದಲ ಸಲ ಅವನು ಭಾಮೈದನನ್ನು ಮನಸಾರೆ ತಬ್ಬಿಕೊಂಡ. "ನೀನು ಬಂಗಾರದಂಥ ಹುಡುಗ ಕಣಯ್ಯ," ಎಂದ.

"ಇರಿ, ಪೂರ್ತಿ ಕೇಳಿ ಭಾವ. ಇನ್ನು ವಾರವಾರ ಗಾಡಿಗಟ್ಟಲೆ ಹಣ್ಣು ಬೇಕು. ಎಲ್ಲಾ ಒಂದೇ ದಿನ, ಒಂದೇ ಬಣ್ಣಕ್ಕೆ ಮಾಗಿರಬೇಕು. ಅದಕ್ಕೆ ದೊಡ್ಡ ಮಂಡಿಯವರ ಹತ್ರ ಇರೋ ಹಾಗೆ ನನ್ನ ಅಂಗಡೀನೇ ಹಣ್ಣು ಮಾಗ್ಸೋ ಕೋಣೆ ಮಾಡಿಬಿಡ್ತೀನಿ. ಕಾಯಿ ತುಂಬಿ, ಮೇಷ್ಟ್ರು ಹೇಳಿದ್ರಲ್ಲ, ಆ ಎಥಿಲೀನು ಗಾಳೀನ ಸಿಲಿಂಡರಲ್ಲೇ ತಂದು ಬಿಡೋದು. ಹಗಲೂ ರಾತ್ರಿ ಅದನ್ನ ನೋಡ್ಕೊಳ್ಳೋಕೆ ಒಬ್ರು ನಂಬಿಕಸ್ತರು ಬೇಕು. ಆ ಗಾಳಿ ಏನೇನು ಮಾಡುತ್ತೆ ಅಂತ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು ಭಾವ? ನಾಳೆಯಿಂದಲೇ ಬಂದ್ಬಿಡಿ."

"ನೋಡಿದ್ರಾ," ಎಂದಳು ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನನ್ನ ತಮ್ಮ ನಿಮ್ಮ ಕೈ ಬಿಟ್ನಾ?"

ಹೂವಣ್ಣ ವ್ಯಾನಿನ ಬಾಗಿಲು ತೆಗೆದ. ಸೀಟಿನ ಮೇಲೆ ಒಂದು ಬಾಳೆಹಣ್ಣು ಉಳಿದಿತ್ತು. ಎತ್ತಿಕೊಂಡು, ಸುಲಿದು, ತಿಂದ. ಚೆನ್ನಾಗಿ ಮಾಗಿತ್ತು.